ಗೆರೆ ಸರಿದರೆ ಗ್ಯಾಲಕ್ಸಿ ಸರಿದಂತೆ

ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ಗುಂಟೂರು ಬಿಟ್ಟ ಮೇಲೆ ಕೃಷ್ಣೆಯನ್ನು ದಾಟಿ ವಿಜಯವಾಡಕ್ಕೆ ಬರುತ್ತದೆ. ಅಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತಾಗ ನಿಲ್ಲದೆ ಓಡುವ ಗೂಡ್ಸ್ ಗಾಡಿಯ ಹಾರ್ನ್ ಕೇಳಿ. ಬರುವಾಗ ಕೀರಲು ದನಿ. ನಮ್ಮನ್ನು ದಾಟಿತೋ, ತಗ್ಗಿತು. ಕಣ್ಣು ಮುಚ್ಚಿಕೊಂಡೇ ಹೇಳಬಹುದು, ಗಾಡಿ ಬರುತ್ತಿದೆಯೋ ಹೋಗುತ್ತಿದೆಯೋ ಎಂದು.

ಬೆಳಕೂ ಹಾಗೆಯೇ. ದೂರ ಸರಿಯುವುದರ ಬೆಳಕು ಕೆಂಪಿನ ಕಡೆಗೆ ವಾಲುತ್ತದೆ. ಎಷ್ಟು ವಾಲಿತು ಎಂದು ಅಳೆಯಲು ಗುರುತು ಬೇಕಲ್ಲ, ಅದೇ ರೋಹಿತದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ, ಗೆರೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಸೂರ್ಯನ ಅಂಚಿನ ಜ್ವಾಲೆಗಳಿಗೆ ರೋಹಿತದರ್ಶಕ ಹಿಡಿದು ಹೊಳೆಯುವ ಗೆರೆಗಳನ್ನು ಕಂಡರು. ಅವುಗಳಲ್ಲಿ ಹಳದಿಯದೊಂದು ಹೀಲಿಯಂನದೆಂದು ಆಮೇಲೆ ತಿಳಿಯಿತು. ಒಂದೊಂದು ಧಾತುವಿಗೂ ಅದರದೇ ಗೆರೆಗಳು, ಹೆಬ್ಬೆಟ್ಟಿನ ಗುರುತಿನ ಹಾಗೆ. ಅದೇ ವರ್ಷ ಇಂಗ್ಲೆಂಡಿನ ಹಗ್ಗಿನ್ಸ್, ಸಿರಿಯಸ್ ನಕ್ಷತ್ರದ ಗೆರೆ ಎಷ್ಟು ಸರಿದಿದೆಯೆಂದು ಅಳೆದು ಅದರ ವೇಗವನ್ನು ಲೆಕ್ಕ ಹಾಕಿದ್ದ.

ಜಲಜನಕದ ಒಂದು ಕೆಂಪು ಗೆರೆಯ ಜಾಗ 656 ನ್ಯಾನೊಮೀಟರ್. ಯಾವುದೋ ಗ್ಯಾಲಕ್ಸಿಯಲ್ಲಿ ಅದು ಸುಮಾರು 663ರಲ್ಲಿ ಸಿಕ್ಕಿತೆನ್ನಿ. ಆಗ ಆ ಗ್ಯಾಲಕ್ಸಿ ಸೆಕೆಂಡಿಗೆ 3000 ಕಿಲೋಮೀಟರಿನಂತೆ ದೂರ ಹೋಗುತ್ತಿದೆ, ಸುಮಾರು 14 ಕೋಟಿ ಜ್ಯೋತಿರ್ವರ್ಷಗಳಾಚೆ ಇದೆ. ದೂರ ಹೆಚ್ಚಿದಷ್ಟೂ ವೇಗ ಹೆಚ್ಚು: ಬೆಲ್ಜಿಯಂನ ಲೆಮೇತ್ರ್ 1927ರಲ್ಲೇ ಹೇಳಿದ್ದ, ಅಮೆರಿಕದ ಹಬಲ್ 1929ರಲ್ಲಿ ಅಳತೆಗಳಿಂದ ತೋರಿಸಿದ.

ಹಾಗಾದರೆ ಎಲ್ಲವೂ ನಮ್ಮನ್ನೇ ಬಿಟ್ಟು ಓಡುತ್ತಿವೆಯೇ? ರೈಲಿನಿಂದ ಇಳಿದು ಅಡುಗೆಮನೆಗೆ ಬನ್ನಿ. ಅಕ್ಕಿರೊಟ್ಟಿ ತಟ್ಟುತ್ತಿದ್ದೀರಿ, ಹಿಟ್ಟಿನಲ್ಲಿ ಜೀರಿಗೆ ಇದೆ. ರೊಟ್ಟಿ ಅಗಲವಾದಂತೆ ಯಾವ ಜೀರಿಗೆಕಾಳಿನ ಮೇಲೆ ಕೂತು ನೋಡಿದರೂ ಉಳಿದವು ದೂರ ಸರಿಯುತ್ತವೆ, ಪಕ್ಕದ್ದು ನಿಧಾನ, ಆಚೆಯದು ಬೇಗ. ಜೀರಿಗೆ ಓಡಿದ್ದಲ್ಲ, ಹಿಟ್ಟು ಹಿಗ್ಗಿದ್ದು. ವಿಶ್ವವೂ ಹೀಗೆಯೇ ಹಿಗ್ಗುತ್ತಿದೆ; ಹಾದಿಯಲ್ಲಿರುವ ಬೆಳಕಿನ ಅಲೆಯೂ ಅದರ ಜೊತೆ ಹಿಗ್ಗಿ ಕೆಂಪಾಗುತ್ತದೆ. ಒಂದೇ ಕೊರತೆ: ರೊಟ್ಟಿಗೆ ಅಂಚಿದೆ, ವಿಶ್ವದ ಅಂಚನ್ನು ಯಾರೂ ಕಂಡಿಲ್ಲ.

ಇದರಲ್ಲೊಂದು ತಮಾಷೆಯಿದೆ. 1912ರಲ್ಲಿ ಅಮೆರಿಕದ ಸ್ಲೈಫರ್ ಮೊಟ್ಟಮೊದಲು ಅಳೆದ ಆಂಡ್ರೊಮಿಡಾ ಗ್ಯಾಲಕ್ಸಿಯ ಗೆರೆ ಸರಿದಿದ್ದು ಕೆಂಪಿನತ್ತ ಅಲ್ಲ, ನೀಲಿಯತ್ತ. 25 ಲಕ್ಷ ಜ್ಯೋತಿರ್ವರ್ಷ ದೂರದ ಈ ನೆರೆಮನೆಯನ್ನು ಗುರುತ್ವ ಬಿಟ್ಟುಕೊಟ್ಟಿಲ್ಲ. ಸೆಕೆಂಡಿಗೆ ಸುಮಾರು 300 ಕಿಲೋಮೀಟರಿನಂತೆ ಅದು ಇತ್ತಲೇ ಬರುತ್ತಿದೆ.