ಎಂಟು ದಿನ ತಡವಾಗಿ ಬಂದ ಪಾಸ್ಕ

(ಪ್ರೇಷಿತ ಸಂತ ತೋಮಾಸರ ಹಬ್ಬ, ಜುಲೈ 3. ಶುಭಸಂದೇಶ: ಯೊವಾನ್ನ 20:24-29)



ಸಂತ ತೋಮಾಸರೆಂದ ಕೂಡಲೇ ನಮ್ಮ ಬಾಯಿಗೆ ಬರುವ ಮಾತು 'ಸಂದೇಹದ ತೋಮ'. ಭಾರತಕ್ಕೆ ಶುಭಸಂದೇಶ ತಂದ ಪ್ರೇಷಿತರಿಗೆ ನಾವು ಕೊಟ್ಟ ಬಿರುದು ನೋಡಿ! ಆದರೆ ಇಂದಿನ ವಾಚನದಲ್ಲಿ ಒಂದು ಲೆಕ್ಕವಿದೆ. ಉಳಿದ ಶಿಷ್ಯರು ಪುನರುತ್ಥಾನದ ದಿನ ಸಂಜೆಯೇ ಪ್ರಭುವನ್ನು ಕಂಡರು. ತೋಮಾಸರಿಗೆ ಪಾಸ್ಕ ಬಂದದ್ದು ಎಂಟು ದಿನ ತಡವಾಗಿ. ಆ ಎಂಟು ದಿನ ಅವರು ಹೇಗೆ ಕಳೆದಿರಬಹುದು?

ತೋಮಾಸರಿಗೆ 'ದಿದಿಮ' ಎಂಬ ಹೆಸರೂ ಇತ್ತು. ಗ್ರೀಕ್ ಭಾಷೆಯಲ್ಲಿ ಅವಳಿ ಎಂದರ್ಥ. ಇದೇ ಅರ್ಥದ ಹೆಸರಿನ ಒಂದು ಬೋಳು ದ್ವೀಪ ಗ್ರೀಸ್ ದೇಶದಲ್ಲಿದೆ. ಸಿರೋಸ್ ಎಂಬ ದೊಡ್ಡ ದ್ವೀಪದ ಎರ್ಮೂಪೊಲಿ ಬಂದರಿನ ಎದುರಿಗಿರುವ ದಿದಿಮಿ. ಊರಿನವರು ಕತ್ತೆ ದ್ವೀಪ ಅಂತಲೂ ಕರೆಯುತ್ತಾರೆ. ಅದರ ಮೇಲೆ 1834ರಲ್ಲಿ ಕಟ್ಟಿದ ದೀಪಸ್ತಂಭ, ಅಂದರೆ ಲೈಟ್‌ಹೌಸ್, ಇದೆ. ಸುಮಾರು 30 ಮೀಟರ್ ಎತ್ತರ. ನಾನು ಅದನ್ನು ನೋಡಿದ್ದೇನೆ.

2013ರಲ್ಲಿ ನಾನು ರೋಮಿನಲ್ಲಿ ಓದುತ್ತಿದ್ದೆ. ಆ ಜನವರಿಯಲ್ಲಿ ಊರಿನಲ್ಲಿ ಅಪ್ಪ ತೀರಿಕೊಂಡರು. ನಾನು ಬಂದು ತಲುಪುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಮಾರ್ಚ್ 31ಕ್ಕೆ ಪಾಸ್ಕ ಹಬ್ಬ. ರಾತ್ರಿ ಜಾಗರಣೆಯಲ್ಲಿ ಎಲ್ಲರ ಜೊತೆ ಅಲ್ಲೆಲೂಯ ಹಾಡಿದೆ. ಒಳಗೆ ಮಾತ್ರ ಏನೂ ಇರಲಿಲ್ಲ. ಬಲಿಪೂಜೆಯಲ್ಲಿ ಮೃತರ ಸ್ಮರಣೆ ಬಂದಾಗ ಅಪ್ಪನ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ, ಬೇಗ ಬೇಗ ದಾಟಿಬಿಡುತ್ತಿದ್ದೆ. ಗುರುವಾದವನು ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಜೊತೆಯಲ್ಲಿ ಓದುತ್ತಿದ್ದ ಸಿರೋಸಿನ ಗುರುಗಳೊಬ್ಬರು ಏನನ್ನೋ ಊಹಿಸಿರಬೇಕು. "ನಮ್ಮೂರಿಗೆ ಬನ್ನಿ, ಅಲ್ಲಿ ಇನ್ನೂ ಪಾಸ್ಕ ಆಗಿಲ್ಲ" ಎಂದರು. ವೆನಿಸ್‌ನವರ ಕಾಲದಿಂದಲೂ ಸಿರೋಸಿನಲ್ಲಿ ಕಥೋಲಿಕರಿದ್ದಾರೆ. ಒಂದು ಬೆಟ್ಟದ ನೆತ್ತಿಯಲ್ಲಿ ನಮ್ಮ ಸಂತ ಜಾರ್ಜರ ಪ್ರಧಾನಾಲಯ, ಪಕ್ಕದ ಬೆಟ್ಟದ ಮೇಲೆ ಆರ್ಥೊಡಾಕ್ಸ್ ಸಭೆಯವರ ಪುನರುತ್ಥಾನದ ದೇವಾಲಯ. ನೆರೆಯವರ ಜೊತೆ ಒಂದೇ ದಿನ ಹಬ್ಬ ಮಾಡಬೇಕೆಂದು ಅಲ್ಲಿನ ಕಥೋಲಿಕರು ಆರ್ಥೊಡಾಕ್ಸ್ ಸಭೆಯ ತಾರೀಖನ್ನೇ ಪಾಲಿಸುತ್ತಾರೆ. ಆ ವರ್ಷ ಅದು ಮೇ 5. ಪಿರೇಯಸ್ ಬಂದರಿನಿಂದ ನಾಲ್ಕು ಗಂಟೆ ಹಡಗಿನಲ್ಲಿ ಹೋಗಿ ನನಗೆ ಒಂದೇ ವರ್ಷದಲ್ಲಿ ಎರಡು ಪಾಸ್ಕ ಸಿಕ್ಕವು. ಎರಡನೆಯದರಲ್ಲೂ ನಾನು ಹಾಗೆಯೇ ಇದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಹಬ್ಬದ ವಾರದಲ್ಲಿ ದೀಪಸ್ತಂಭದ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಗೆಳೆಯರ ತಂದೆ ಹಡಗಿನಲ್ಲಿ ದುಡಿದು ನಿವೃತ್ತರಾದವರು. ದೋಣಿಯಲ್ಲಿ ದಿದಿಮಿಯ ಸುತ್ತ ಕರೆದುಕೊಂಡು ಹೋದರು. ಅಲ್ಲಿನ ದೀಪಸ್ತಂಭಗಳು ನೌಕಾಪಡೆಯ ಕೈಯಲ್ಲಿವೆ, ಹತ್ತಿ ಇಳಿಯುವ ಮಾತಿಲ್ಲ. ಹಗಲಿನ ಫೋಟೋಗಳು ಕ್ಯಾಲೆಂಡರಿಗೆ ಹಾಕುವಷ್ಟು ಚೆನ್ನಾಗಿ ಬಂದವು. ಆದರೆ ಹಗಲಲ್ಲಿ ಅದು ಬರೀ ಕಲ್ಲಿನ ಗೋಪುರ ತಾನೇ? ರಾತ್ರಿ ಅವರ ಮನೆಯ ತಾರಸಿ ಹತ್ತಿದೆ. ಬೆಳಕು ಮಿಂಚುತ್ತದೆ, ನಾನು ಗುಂಡಿ ಒತ್ತುವಷ್ಟರಲ್ಲಿ ಹೋಗಿರುತ್ತದೆ. ಇಪ್ಪತ್ತು ಸಲ ಒತ್ತಿದರೆ ಇಪ್ಪತ್ತೂ ಕಪ್ಪು. ಆ ಹಿರಿಯರು ನಕ್ಕರು. ಅವರು ಹೇಳಿದ್ದನ್ನು ಮಗ ನನಗೆ ಅನುವಾದಿಸಿದರು: "ಫಾದರ್, ನಾವು ಹಡಗಿನಲ್ಲಿ ಬೆಳಕನ್ನಷ್ಟೇ ನೋಡುತ್ತಿರಲಿಲ್ಲ, ಕತ್ತಲನ್ನೂ ಎಣಿಸುತ್ತಿದ್ದೆವು."

ಪ್ರತಿಯೊಂದು ದೀಪಸ್ತಂಭಕ್ಕೂ ಅದರದೇ ಲೆಕ್ಕವಿದೆಯಂತೆ: ಎಷ್ಟು ಹೊತ್ತು ಬೆಳಕು, ಎಷ್ಟು ಹೊತ್ತು ಕತ್ತಲು. ನಡುವಿನ ಕತ್ತಲನ್ನು ಎಣಿಸದೆ ಯಾವ ದೀಪಸ್ತಂಭವೆಂದು ಗುರುತಿಸಲಾಗದು. ಮಸೂರ ತಿರುಗುವ ದೀಪಸ್ತಂಭಗಳಲ್ಲಂತೂ ಒಳಗಿನ ದೀಪ ಆರುವುದೇ ಇಲ್ಲ. ನಮಗೆ ಕತ್ತಲಾದಾಗ ಅದರ ಬೆಳಕು ಸಮುದ್ರದ ಇನ್ನೊಂದು ಕಡೆಯ ದೋಣಿಗೆ ಬೀಳುತ್ತಿರುತ್ತದೆ. ಮೂವರೂ ತಾರಸಿಯ ಮೇಲೆ ಕುಳಿತು ಬಹಳ ಹೊತ್ತು ಎಣಿಸಿದೆವು. ಕ್ಯಾಮರಾ ಪಕ್ಕಕ್ಕಿಟ್ಟಿದ್ದೆ.

ಆ ಎಂಟು ದಿನಗಳಲ್ಲಿ ಶಿಷ್ಯರು ತೋಮಾಸರನ್ನು ಹೊರಹಾಕಲಿಲ್ಲ. ಅವರೂ ಸಿಟ್ಟಾಗಿ ಹೊರಟುಹೋಗಲಿಲ್ಲ. ನಂಬಲಾರದವನು ನಂಬಿದವರ ಜೊತೆ ಒಂದೇ ಮನೆಯಲ್ಲಿ ಉಂಡು ಮಲಗಿದ. ನನಗೆ ಇದು ದೊಡ್ಡ ಸಂಗತಿಯಾಗಿ ಕಾಣುತ್ತದೆ. ಮಗನನ್ನೋ ಗಂಡನನ್ನೋ ಕಳೆದುಕೊಂಡವರ ಮನೆಗೆ ಹೋಗಿ "ನಿಮಗೆ ವಿಶ್ವಾಸ ಸಾಲದು, ಅದಕ್ಕೇ ಅಳುತ್ತೀರಿ" ಎಂದು ಹೇಳುವವರನ್ನು ನಾನು ಕೇಳಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ಅವರು ಆರು ತಿಂಗಳು ದೇವಾಲಯಕ್ಕೆ ಬರದಿದ್ದರೆ ಮನೆಗೆ ಹೋಗಿ ಸುಮ್ಮನೆ ಅವರ ಜೊತೆ ಕುಳಿತು ಬನ್ನಿ. ಪ್ರಭು ಯೇಸು ಮುಚ್ಚಿದ ಬಾಗಿಲಿನೊಳಗೆ ಎರಡನೇ ಸಲ ಬಂದದ್ದು ಒಬ್ಬರಿಗಾಗಿಯೇ. ಬಂದು ಗದರಿಸಿದರೇ? ಮೊದಲು ಶಾಂತಿ ಕೋರಿದರು, ಆಮೇಲೆ ಗಾಯ ತೋರಿಸಿದರು.

ಮರು ಭಾನುವಾರ, ಮೇ 12, ಅಲ್ಲಿ ತೋಮಾಸರ ಶುಭಸಂದೇಶ ಓದಿದರು. ಸಂತ ಜಾರ್ಜರ ಪ್ರಧಾನಾಲಯದಲ್ಲಿ ನಾನೂ ಸಹಗುರುವಾಗಿ ನಿಂತಿದ್ದೆ. ಗ್ರೀಕ್ ಪ್ರಾರ್ಥನೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ಆದರೆ ಮೃತರ ಸ್ಮರಣೆಯ ಜಾಗ ಯಾವ ಭಾಷೆಯಲ್ಲೂ ಗುರುಗಳಿಗೆ ಗೊತ್ತಾಗುತ್ತದೆ. ಗೆಳೆಯರು ನನ್ನ ಕಡೆ ತಿರುಗಿ ನೋಡಿ ಸ್ವಲ್ಪ ನಿಲ್ಲಿಸಿದರು. ಅಪ್ಪನ ಹೆಸರು ಹೇಳಿದೆ, ಕನ್ನಡದಲ್ಲಿ.

ಇಂದು ಬಲಿಪೂಜೆಯಲ್ಲಿ ಆ ಜಾಗ ಬಂದಾಗ ನಾನೂ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ. ನಿಮ್ಮ ನಿಮ್ಮವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಹೇಳಲು ಆಗದಿದ್ದವರು ಸುಮ್ಮನೆ ನಿಂತಿರಿ, ಪಕ್ಕದಲ್ಲಿರುವವರು ಹೇಳುತ್ತಾರೆ.