ಅಜ್ಜಿ ಯಾಕೆ ಬಾಯಿ ಬಿಡಲಿಲ್ಲ
(ಹಾಸ್ಟೆಲ್ ಗೆಳೆಯರಿಗೆ ಸಿನಿಮಾ ತೋರಿಸಿದ ಮೇಲೆ ಆಡಿದ ಮಾತು)



ಲೈಟು ಹಾಕಿದ ಮೇಲೂ ಯಾರೂ ಎದ್ದು ಹೋಗಲಿಲ್ಲ. ಅದಕ್ಕೇ ನಾಕು ಮಾತು. ಭಾಷಣ ಅಂತ ತಿಳೀಬೇಡಿ.

ನಾವೀಗ ನೋಡಿದ್ದು ‘ಶುಗರ್‌ಕೇನ್’, 2024ರ ಸಾಕ್ಷ್ಯಚಿತ್ರ. ಹೆಸರು ಕೇಳಿ ಕಬ್ಬಿನ ಗದ್ದೆ ಅಂದುಕೊಂಡು ಬಂದವರೂ ಇದ್ದರು. ಅದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ವಿಲಿಯಮ್ಸ್ ಲೇಕ್ ಪಕ್ಕದ ಮೂಲನಿವಾಸಿಗಳ ಹಟ್ಟಿ. ಅಲ್ಲೇ ಹತ್ತಿರ ಸೇಂಟ್ ಜೋಸೆಫ್ಸ್ ಮಿಷನ್ ಶಾಲೆ, 1981ರವರೆಗೂ ನಡೀತು. ದುಡ್ಡು ಸರ್ಕಾರದ್ದು, ಬೆತ್ತ ಪಾದ್ರಿಗಳದ್ದು.

ಇಂಥ ಶಾಲೆಗಳಿಗೆ ಕೆನಡಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ತಳ್ಳಿದರು. 1920ರಲ್ಲಿ ಕಾನೂನನ್ನೇ ತಿದ್ದಿ, ಕಳಿಸದ ತಂದೆತಾಯಿಗೆ ದಂಡ, ಜೈಲು ಅಂದರು. ಮಕ್ಕಳ ಜಡೆ ಕತ್ತರಿಸಿದರು, ನಂಬರು ಕೊಟ್ಟರು, ತಾಯಿನುಡಿ ಆಡಿದರೆ ಬಡಿದರು. 1902ರಲ್ಲಿ ಎಂಟು ವರ್ಷದ ಡಂಕನ್ ಸ್ಟಿಕ್ಸ್ ಈ ಮಿಷನ್ ಶಾಲೆಯಿಂದ ಓಡಿಹೋಗಿ ಚಳಿಯಲ್ಲಿ ಸತ್ತ. 1973ರಲ್ಲಿ ಆರು ವರ್ಷದ ಫಿಲಿಸ್ ವೆಬ್‌ಸ್ಟಾಡ್, ಅಜ್ಜಿ ಕೊಡಿಸಿದ ಕಿತ್ತಳೆ ಬಣ್ಣದ ಹೊಸ ಅಂಗಿ ತೊಟ್ಟು ಇಲ್ಲಿಗೇ ಬಂದಳು. ಮೊದಲ ದಿನವೇ ಕಿತ್ತುಕೊಂಡರು, ಮತ್ತೆ ಕೊಡಲೇ ಇಲ್ಲ. ಈಗ ಪ್ರತಿ ಸೆಪ್ಟೆಂಬರ್ 30ಕ್ಕೆ ಅಲ್ಲಿನ ಜನ ಕಿತ್ತಳೆ ಅಂಗಿ ತೊಡೋದು ಅದಕ್ಕೇ.

ಚಿತ್ರ ಮಾಡಿದ ಇಬ್ಬರಲ್ಲಿ ಒಬ್ಬರು ಜೂಲಿಯನ್ ಬ್ರೇವ್ ನಾಯ್ಸ್‌ಕ್ಯಾಟ್. ಅವರ ತಂದೆ ಎಡ್ ಹುಟ್ಟಿದ್ದೇ ಆ ಶಾಲೆಯಲ್ಲಿ, 1959ರಲ್ಲಿ. ಕಸ ಸುಡುವ ಒಲೆಯಿಂದ ಅಳು ಕೇಳಿಸಿ ರಾತ್ರಿ ಕಾವಲುಗಾರ ಆ ಹಸುಗೂಸನ್ನು ಎತ್ತಿಕೊಂಡ. ಮುದುಕನಾಗೋ ಹೊತ್ತಿಗೂ ಎಡ್‌ಗೆ ತಾಯಿಯ ಬಾಯಿಂದ ಆ ಕಥೆ ಸಿಗಲಿಲ್ಲ.

ನಮ್ಮಲ್ಲೊಬ್ಬ ಪಿಸುಗುಟ್ಟಿದ: ‘ಅಜ್ಜಿ ಯಾಕೆ ಹೇಳಬಾರದು?’ ಅಲ್ಲ ಕಣಪ್ಪ, ನಿನ್ನ ಅಜ್ಜಿ ಎಲ್ಲಾ ಹೇಳಿದ್ದಾಳಾ? ಊರ ಬಾವಿಯದ್ದು? ಗೌಡರ ಹಿತ್ತಲದ್ದು?

ಶಾಲೆಯೇ ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ನಮ್ಮವರನ್ನು ಶಾಲೆಯ ಹೊರಗೆ ಕೂರಿಸಿದರು, ಅವರನ್ನು ಒಳಗೆ ಹಾಕಿ ಬೀಗ ಜಡಿದರು. ಬೀಗದ ಕೈ ಎರಡೂ ಕಡೆ ಬೇರೆಯವರ ಸೊಂಟದಲ್ಲಿತ್ತು. 1925ರಲ್ಲಿ ಬಾಬಾಸಾಹೇಬರ ಸಭೆ ಸೊಲ್ಲಾಪುರದಲ್ಲಿ ತೆರೆದ ಹಾಸ್ಟೆಲ್ ನಮ್ಮವರು ನಮ್ಮ ಮಕ್ಕಳಿಗೆ ಕಟ್ಟಿದ್ದು. ಹಾಸ್ಟೆಲ್ ಅನ್ನೋ ಮಾತು ಒಂದೇ, ಸಂಗತಿ ಬೇರೆ.

2008ರಲ್ಲಿ ಪ್ರಧಾನಿ ಹಾರ್ಪರ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು, 2022ರಲ್ಲಿ ಪೋಪ್ ಕೆನಡಾಕ್ಕೇ ಬಂದು ಕೇಳಿದರು. ಸತ್ಯಶೋಧನಾ ಆಯೋಗ 2015ರಲ್ಲಿ ಇದನ್ನು ಸಾಂಸ್ಕೃತಿಕ ನರಮೇಧ ಅಂತ ಬರೆಯಿತು. ಸುಮ್ಮನೆ ಬರೆಯಲಿಲ್ಲ. 6,000ಕ್ಕೂ ಹೆಚ್ಚು ಜನ ಎದುರು ಕೂತು ನುಡಿದಿದ್ದರು. ಎಷ್ಟೋ ಮಂದಿ ಮಕ್ಕಳ ಮುಂದೆಯೂ ಆಡದ ಮಾತು ಅದು.

ರಜೆಗೆ ಊರಿಗೆ ಹೋದಾಗ ಅಜ್ಜಿ ಪಕ್ಕ ಕೂತ್ಕೊಳ್ಳಿ. ಒಂದು ನೋಟ್‌ಬುಕ್ ಇರಲಿ. ಅವಸರ ಬೇಡ, ಒತ್ತಾಯ ಅಂತೂ ಬೇಡವೇ ಬೇಡ.

ಟೀ ಬಂತು. ಹಿಂದಿನವರು ಮುಂದೆ ಬನ್ನಿ, ಈಗ ನೀವು ಮಾತಾಡಿ.