ಹಾಸಿಗೆಗೆ ಕಟ್ಟುವ ಪ್ರೀತಿ



ಮೂಳೆ ಮುರಿದರೆ ಈಗ ಮಂಡ್ಯ, ಮೈಸೂರು, ಬೆಳ್ಳೂರುಗಳಲ್ಲಿ ಶಸ್ತ್ರಚಿಕಿತ್ಸೆ ದೊರೆಯುತ್ತದೆ. ವೈದ್ಯರ ಆ ಕೆಲಸ ಕೆಲವು ಗಂಟೆಗಳದು. ಅನಂತರ ಮನೆಯವರದು ತಿಂಗಳುಗಳದು.

ಪಾಂಡವಪುರದ ಕಡೆ ನಾವು ಹೋದಾಗ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ತಾಯಿಯೊಬ್ಬರನ್ನು ಕಂಡೆವು. ರಾಡು ಹಾಕಿ ತಿಂಗಳಾಗಿತ್ತು. 'ಅವ್ವ, ಏಳ್ಬೇಡಿ' ಎನ್ನುತ್ತಿದ್ದಳು ಸೊಸೆ. ಆ ಪ್ರೀತಿಯೇ ಅವರನ್ನು ಹಾಸಿಗೆಗೆ ಕಟ್ಟಿತ್ತು.

ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಹುಣ್ಣಾಗುತ್ತದೆ. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದಲೇ ವೈದ್ಯರು ಬಹುಮಟ್ಟಿಗೆ ಮಾರನೆಯ ದಿನವೇ ರೋಗಿಯನ್ನು ಎಬ್ಬಿಸುವುದು. ಮಲಗಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ತೊಡೆ ಬಿಗಿದು ಸಡಿಲಿಸಬೇಕು. ವೈದ್ಯರು ಹೇಳಿದಷ್ಟೇ ಭಾರ ಹಾಕಿ, ವಾಕರ್ ಹಿಡಿದು ನಿತ್ಯ ನಾಲ್ಕು ಹೆಜ್ಜೆ ನಡೆಯಬೇಕು. ಕೊಂಚ ನೋವು ಸಹಜ. ಮೀನಖಂಡ ಊದಿದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ವೈದ್ಯರನ್ನು ಕೇಳಿ ನಡೆಸಿರೆಂದು ಆ ಸೊಸೆಗೆ ಹೇಳಿ ಬಂದೆವು. ಮರುವರ್ಷ ಆ ತಾಯಿಯೇ ಬಾಗಿಲಿಗೆ ಬಂದು ನಮ್ಮನ್ನು ಬರಮಾಡಿಕೊಂಡರು.

ಕಬ್ಬು ಬೆಳೆಯುವವರು ನೀವು. ಕಟಾವಾದ ಮೇಲೆ ನೀರು, ಗೊಬ್ಬರ ಕಾಣದ ಕೂಳೆ ಚಿಗುರೀತೇ? ಹಿರಿಯರನ್ನು ಕೈಹಿಡಿದು ನಡೆಸಿರಿ, ಅದೂ ದಾಸೋಹವೇ.